ಹರಕೆಯಿಲ್ಲದ ಹಿಮ್ಮಡಿಯ ಅಹವಾಲು

ಗೆ,
ಶ್ರೀ ಗುರುಬಸಪ್ಪನವರು, ಅಧ್ಯಕ್ಷರು,
ಅರಳಿಕಟ್ಟೆ ಪಾರ್ಕ್ ನಡಿಗೆದಾರರ ಕ್ಷೇಮಾಭಿವೃದ್ಧಿ ಸಂಘ,
ಬಸವೇಶ್ವರನಗರ, ಬೆಂಗಳೂರು.

ವಿಷಯ: ದೇವರ ಹೆಸರಿಲ್ಲದೆ ಓಡಿದ ನನ್ನ ಅಪರಾಧದ ಬಗ್ಗೆ.
ಉಲ್ಲೇಖ: ಪಾರ್ಕಿನ ಗೇಟಿಗೆ ತಂತಿಯಲ್ಲಿ ಬಿಗಿದಿರುವ ತಮ್ಮ ಹೊಸ ಬೋರ್ಡು.

ಮಾನ್ಯರೇ,

ತಮ್ಮ ಶ್ರೀಪಾದಗಳಿಗೂ, ಅವುಗಳನ್ನು ಧೂಳಿನಿಂದ ಕಾಪಾಡುತ್ತಿರುವ ಬಿಳಿ ಕ್ಯಾನ್ವಾಸ್ ಶೂಗಳಿಗೂ ಬೇರೆಬೇರೆಯಾಗಿ ನಮಸ್ಕಾರಗಳು. ಇಪ್ಪತ್ತೊಂಬತ್ತು ವರ್ಷಗಳಿಂದ ಸರ್ಕಾರಿ ಕಚೇರಿಯೊಂದರಲ್ಲಿ ಮೇಲಧಿಕಾರಿಗಳಿಗೆ ಟಿಪ್ಪಣಿ ಬರೆದು ಬರೆದು ಕೈ ಪಳಗಿಸಿಕೊಂಡಿರುವ ನಾನು, ಜಲಜಾ ಪುರುಷೋತ್ತಮ, ವಯಸ್ಸು ಐವತ್ತಮೂರು, ಈ ಪತ್ರವನ್ನು ಲಕೋಟೆಯಲ್ಲಿಟ್ಟು ತಮ್ಮ ಮನೆಗೇ ತಲುಪಿಸಬಹುದಿತ್ತು. ಆದರೆ ನನ್ನ ಕಾಲಿನ ವಿಷಯವನ್ನು ತಾವು ಬಣ್ಣದಲ್ಲಿ ಬರೆಸಿ ಊರಿಗೆಲ್ಲ ತೋರಿಸಿದ ಮೇಲೆ ಇನ್ನು ಗುಟ್ಟು ಮಾಡುವುದೇನಿದೆ ಎಂದು, ಇದರ ಪ್ರತಿಯೊಂದನ್ನು ಅದೇ ಗೇಟಿಗೆ, ಅದೇ ತಂತಿಗೆ ಸಿಕ್ಕಿಸಿದ್ದೇನೆ.

ಬೋರ್ಡು ಬಹಳ ಚೆನ್ನಾಗಿ ಬಂದಿದೆ. "ಓಡುವುದನ್ನು ನಿಷೇಧಿಸಿದೆ. ಪಾದರಕ್ಷೆ ಕಡ್ಡಾಯ. ಹರಕೆ ಹೊತ್ತವರಿಗೆ ಮಾತ್ರ ವಿನಾಯಿತಿ." ಇಷ್ಟು ಕಡಿಮೆ ಪದಗಳಲ್ಲಿ ಒಬ್ಬಳೇ ಒಬ್ಬ ಹೆಂಗಸನ್ನು ಹೆಸರು ಹೇಳದೆ ಹೊರಗಿಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ, ನಮ್ಮ ಕಚೇರಿಯಲ್ಲಿ ಇದಕ್ಕೆ ಕನಿಷ್ಠ ನಾಲ್ಕು ಪುಟದ ಕಡತ ಬೇಕಾಗುತ್ತಿತ್ತು.

ಗೇಟಿನ ಬಳಿ ನಿಂತು ಇದನ್ನು ಓದುತ್ತಿರುವವರ ತಿಳಿವಳಿಕೆಗಾಗಿ ಸ್ವಲ್ಪ ಹಿನ್ನೆಲೆ ಹೇಳಬೇಕು. ನನಗೆ ಮೊದಲಿನಿಂದ ಬರಿಗಾಲಿನ ಹುಚ್ಚೇನೂ ಇರಲಿಲ್ಲ. ಮಂಡಿನೋವಿಗೆಂದು ಡಾಕ್ಟರು ನಡೆಯಲು ಹೇಳಿದರು, ನಡೆದೆ. ನಡೆದು ಬೇಸರವಾಗಿ ಓಡಿದೆ. ಓಡಿದ್ದಕ್ಕೆ ಮಂಡಿ ಇನ್ನಷ್ಟು ನೋಯಿತು. ಕಳೆದ ಜೂನ್‌ನಲ್ಲಿ ಒಂದು ಬೆಳಗ್ಗೆ ಬ್ಯಾಡರಹಳ್ಳಿಯವರೆಗೆ ಓಡಿದವಳಿಗೆ ಬಲಗಾಲಿನ ಶೂ ಬಾಯಿ ಬಿಟ್ಟುಕೊಂಡು, ಅದರ ಅಟ್ಟೆ ಮಾಗಡಿ ರಸ್ತೆಯ ಪಾಲಾಯಿತು. ಶೂಗಳನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಮನೆಯವರೆಗೆ ಓಡಿ ಬಂದಾಗ, ನೋಯಬೇಕಾಗಿದ್ದ ಮಂಡಿ ನೋಯಲಿಲ್ಲ, ಅಂಗಾಲು ಮಾತ್ರ ಎರಡು ದಿನ ಉರಿಯಿತು. ಮಂಡಿಗಿಂತ ಅಂಗಾಲು ವಾಸಿ ಎಂದು ಅಂದೇ ತೀರ್ಮಾನಿಸಿದೆ. ತಿಂಗಳೊಳಗೆ, ಬರುವ ಫೆಬ್ರವರಿಯ ಮೊದಲ ಭಾನುವಾರ ಕೆಂಗೇರಿಯಾಚೆಯ ಮಣ್ಣುದಾರಿಯಲ್ಲಿ ನಡೆಯುವ ಐವತ್ತು ಕಿಲೋಮೀಟರ್ ಬರಿಗಾಲಿನ ಓಟಕ್ಕೆ ಹೆಸರು ಕೊಟ್ಟೆ. ಒಂಬತ್ತು ಗಂಟೆಯೊಳಗೆ ಮುಗಿಸಬೇಕು, ಇಲ್ಲದಿದ್ದರೆ ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಾರೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕುಣಿಯಬಲ್ಲೆ, ನಮ್ಮ ಕಡೆ ನೆಲವೇ ಡೊಂಕು. ಮೊದಲ ವಾರವೇ ಮನೆ ಕಟ್ಟುವವರು ರಸ್ತೆಗೆ ಸುರಿದಿದ್ದ ಜಲ್ಲಿ ಎಡಗಾಲಿನ ಹೆಬ್ಬೆರಳನ್ನು ಬದನೆಕಾಯಿ ಬಣ್ಣಕ್ಕೆ ತಿರುಗಿಸಿತು. ಎರಡನೆಯ ವಾರ ಗಾಜು. ಅತ್ತಿಗುಪ್ಪೆಯಲ್ಲಿ ಆಟೋದವರೊಬ್ಬರು ಗಾಡಿ ನಿಧಾನಿಸಿ, "ದೇವಸ್ಥಾನದಲ್ಲಿ ಚಪ್ಲಿ ಹೊಡ್ಕೊಂಡೋದ್ರಾ ಆಂಟಿ? ಹತ್ತಿ, ಮನೆ ಹತ್ರ ಬಿಡ್ತೀನಿ" ಎಂದು ಮರುಗಿದರು. ನಮ್ಮ ಯಜಮಾನರಾದ ಪುರುಷೋತ್ತಮ ಅವರು, "ಹೆಂಡ್ತಿಗೆ ಚಪ್ಲಿ ಕೊಡ್ಸೋ ಯೋಗ್ಯತೆ ಇಲ್ವಾ ಅಂತ ಜನ ನನ್ನ ಮುಖಕ್ಕೆ ಉಗೀತಾರೆ ಕಣೇ" ಎಂದು ಊಟ ಬಿಟ್ಟರು. ಊಟ ಬಿಟ್ಟಿದ್ದು ಒಂದು ಹೊತ್ತು ಮಾತ್ರ.

ಹೀಗೆ ರಸ್ತೆಯಿಂದ ಸೋತು ಬಂದವಳ ಕಣ್ಣಿಗೆ ಬಿದ್ದದ್ದು ನಮ್ಮ ಪಾರ್ಕಿನ ಮಣ್ಣಿನ ಪಟ್ಟಿ. ಎಲ್ಲರೂ ನಡೆಯುವ ಟೈಲ್ಸ್ ದಾರಿಗೂ ಕಾಂಪೌಂಡಿಗೂ ನಡುವೆ, ಯಾರೂ ಕಾಲಿಡದ, ಎರಡಡಿ ಅಗಲದ ಮೆತ್ತನೆಯ ಮಣ್ಣು; ಒಂದು ಸುತ್ತಿಗೆ ನಾನೂರ ಇಪ್ಪತ್ತು ಮೀಟರ್. ಓಟ ನಿಷೇಧವೆಂಬ ಹಳೆಯ ನಿಯಮ ಆಗಲೂ ಇತ್ತು. ಮೂರನೆಯ ಸುತ್ತಿಗೆ ತಾವು ಕೈ ಅಡ್ಡ ಹಿಡಿದಿರಿ. ನನ್ನ ಮುಖ ನೋಡಿದಿರಿ, ಕಾಲು ನೋಡಿದಿರಿ, ನಡುವಿನ ಅರಳಿಕಟ್ಟೆಯನ್ನೂ ಅದರ ಮೇಲಿನ ನಾಗರಕಲ್ಲುಗಳನ್ನೂ ನೋಡಿದಿರಿ. ತಮ್ಮ ಕೈ ತಾನಾಗಿ ಕೆಳಗಿಳಿಯಿತು. "ಹರಕೆನಾ ಮೇಡಂ? ಯಾವ ದೇವ್ರು?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ, "ಬೇಡ ಬೇಡ, ಹೇಳ್ಬೇಡಿ, ಹೇಳಿದ್ರೆ ಫಲ ಹೋಗುತ್ತೆ" ಎಂದು ತಾವೇ ದಾರಿ ಬಿಟ್ಟಿರಿ. ನಾನು ಸುಮ್ಮನಿದ್ದದ್ದು ನಿಜ. ಅದು ಭಕ್ತಿಯಿಂದಲ್ಲ, ಏದುಸಿರಿನಿಂದ. ಉಸಿರು ಮರಳಿದ ಮೇಲೂ ಸುಮ್ಮನಿದ್ದೆನಲ್ಲ, ಅದು ಮಾತ್ರ ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಆ ತಪ್ಪಿನ ಸುಖವನ್ನು ನಾನು ನಾಲ್ಕು ತಿಂಗಳು ಉಂಡಿದ್ದೇನೆ. ಆರಕ್ಕೆ ತೆರೆಯುತ್ತಿದ್ದ ಗೇಟು ನನಗಾಗಿ ಐದಕ್ಕೆ ತೆರೆಯಿತು. ಮಾಲಿ ಹನುಮಕ್ಕನಿಗೆ ದಿನವೂ ಆ ಮಣ್ಣಿನ ಪಟ್ಟಿ ಗುಡಿಸಲು ತಾವು ಆಜ್ಞೆ ಮಾಡಿದಿರಿ. ನಾನು ಹತ್ತಿರ ಬಂದರೆ ವಾಕಿಂಗಿನವರು ಫೋನಿನಲ್ಲಿ ಮಾತು ನಿಲ್ಲಿಸಿ ಎದೆ ಮುಟ್ಟಿಕೊಳ್ಳುತ್ತಿದ್ದರು. ಆಮೇಲೆ ಆ ವಾಕಿಂಗ್ ಗುಂಪಿನ ಯಶೋದಮ್ಮನವರು ಬಂದರು. ಅವರ ಮೊಮ್ಮಗಳು ಸ್ಪಂದನ ನೀಟ್ ಪರೀಕ್ಷೆಗೆ ಓದುತ್ತಿದ್ದಾಳೆ. "ಹೆಂಗೂ ಸುತ್ತು ಹಾಕ್ತಾ ಇದೀರಾ, ನಮ್ ಮಗೂದೂ ಎರಡು ಸೇರಿಸ್ಕೊಳ್ಳಿ, ನಂಗೆ ಸೊಂಟ ಆಗಲ್ಲ" ಎಂದರು. ಮಗುವಿನ ವಿಷಯ, ಇಲ್ಲವೆನ್ನಲಾಗಲಿಲ್ಲ. ಅದು ಊರಿಗೆಲ್ಲ ಗೊತ್ತಾಯಿತು. ಒಬ್ಬರಿಗೆ ಸೊಸೆಯ ಬಾಣಂತನಕ್ಕೆ ಮೂರು, ಇನ್ನೊಬ್ಬರಿಗೆ ಬೋರ್‌ವೆಲ್‌ಗೆ ಐದು, ವರ್ಗಾವಣೆಗೆ ಏಳು. ನನ್ನ ತರಬೇತಿಯ ವೇಳಾಪಟ್ಟಿಯನ್ನು ಬಸವೇಶ್ವರನಗರದ ಕಷ್ಟಗಳೇ ಬರೆದುಕೊಟ್ಟವು. ಕಷ್ಟ ಹೆಚ್ಚಿದ ವಾರ ನಾನು ಅರವತ್ತು ಕಿಲೋಮೀಟರ್ ದಾಟಿದ್ದುಂಟು.

ಮಾನ್ಯರೇ, ತಾವೂ ಬಂದಿರಿ. ಸಂಕೋಚದಿಂದ, ಯಾರೂ ಇಲ್ಲದಾಗ ಬಂದಿರಿ. ನಾಲ್ಕು ವರ್ಷದಿಂದ ಪೂರ್ತಿ ಸಕ್ರಮವಾಗದೆ ಬಿ ಖಾತಾದಲ್ಲೇ ಕೊಳೆಯುತ್ತಿದ್ದ ತಮ್ಮ ಬ್ಯಾಡರಹಳ್ಳಿಯ ಸೈಟು ಎ ಖಾತಾ ಆಗಲೆಂದು ಒಂಬತ್ತು ಸುತ್ತು ಬೇಡಿದಿರಿ. ಹಾಕಿದೆ. ನವೆಂಬರಿನಲ್ಲಿ ಎ ಖಾತಾ ಕೈಗೆ ಬಂತು. ಅರ್ಜಿ, ನಕ್ಷೆ, ಅಳತೆ ಎಂದು ತಾವು ನಾಲ್ಕು ವರ್ಷ ಓಡಾಡಿದ್ದಕ್ಕೆ ಬಂದಿರಬಹುದೆಂದು ನಾನು ನಮ್ರವಾಗಿ ಸೂಚಿಸಿದರೂ ತಾವು ಒಪ್ಪದೆ, ನನ್ನ ಕಾಲು ಮುಟ್ಟಲು ಬಗ್ಗಿದಿರಿ. ಸೊಂಟ ಹಿಡಿದದ್ದರಿಂದ ಆ ಪಾಪ ತಪ್ಪಿತು.

ಆ ಸಂತೋಷಕ್ಕೆ ತಾವು ಪಾರ್ಕಿನ ಗೇಟಿನೊಳಗೆ ಹನ್ನೊಂದು ಈಡುಗಾಯಿ ಒಡೆದಿರಿ. ಕಾಯಿಹೋಳುಗಳನ್ನು ಆರಿಸಿಕೊಂಡು ಹೋದವರಾರೂ ಕರಟದ ಚೂರನ್ನು ಆರಿಸಲಿಲ್ಲ. ನನ್ನ ಕಾಲಿನ ಪುಣ್ಯಕ್ಕೆ ಒಡೆದ ಕಾಯಿಯ ಕರಟ, ಮರುದಿನ ಮುಂಜಾನೆ ಅದೇ ಕಾಲಿನ ಹಿಮ್ಮಡಿಗೆ ಅರ್ಧ ಬೆರಳಿನಷ್ಟು ಇಳಿಯಿತು. ನಾಲ್ಕು ಹೊಲಿಗೆ, ಹತ್ತೊಂಬತ್ತು ದಿನ ಮಂಚ. ಐವತ್ತು ಕಿಲೋಮೀಟರಿಗೆ ತಯಾರಾಗುವವಳಿಗೆ ಹತ್ತೊಂಬತ್ತು ದಿನವೆಂದರೆ ಏನೆಂದು ತಮಗೆ ತಿಳಿಯದಿರಬಹುದು. ನಾನು ಮೊದಲ ಮೂರು ದಿನ ಗೋಡೆಗೆ ಮುಖ ಮಾಡಿ ಅತ್ತಿದ್ದೇನೆ. ನೆಲದಲ್ಲಿ ಉಳಿದಿದ್ದ ಕರಟದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದವಳು ಹನುಮಕ್ಕ. ತಾವು ಎ ಖಾತಾವನ್ನು ಲ್ಯಾಮಿನೇಷನ್ ಮಾಡಿಸಲು ಹೋಗಿದ್ದಿರಿ.

ಇಪ್ಪತ್ತನೆಯ ದಿನ ಕುಂಟುತ್ತಾ ಬಂದವಳನ್ನು ತಾವು ಸ್ವಾಗತಿಸಿದ್ದು, "ಮಧ್ಯದಲ್ಲಿ ನಿಲ್ಲಿಸ್ಬಿಟ್ರಾ? ಹರಕೆ ಮುರಿದ್ರೆ ದೋಷ ಸುತ್ಕೊಳುತ್ತೆ ಮೇಡಂ, ನಮಗೂ ತಗಲುತ್ತೆ" ಎಂಬ ಮಾತಿನಿಂದ. ಹಿಮ್ಮಡಿ ಸೆಳೆಯುತ್ತಿತ್ತು, ತಾಳ್ಮೆ ಮನೆಯಲ್ಲೇ ಉಳಿದಿತ್ತು. ಇದು ಹರಕೆಯಲ್ಲ, ಓಟದ ಸ್ಪರ್ಧೆ, ಎದೆಗೆ ನಂಬರು ಕಟ್ಟಿಕೊಂಡು ಓಡುತ್ತಾರೆ, ಮುಗಿಸಿದರೆ ಒಂದು ತಗಡಿನ ಪದಕ ಕೊಡುತ್ತಾರೆ ಎಂದು ಎಲ್ಲರೆದುರು ಹೇಳಿಬಿಟ್ಟೆ. ಎದೆ ಮುಟ್ಟಿಕೊಳ್ಳುತ್ತಿದ್ದವರು ಮತ್ತೆ ಫೋನು ಕೈಗೆತ್ತಿಕೊಂಡರು. ಯಶೋದಮ್ಮನವರು ಮಾತ್ರ, "ನೀಟ್ ಮುಗಿಯೋ ತನಕನಾದ್ರೂ ಸುಮ್ನಿರ್ಬಾರ್ದಿತ್ತಾ ಜಲಜಾ" ಎಂದು ನಿಟ್ಟುಸಿರಿಟ್ಟರು.

ಅದೇ ಭಾನುವಾರ ತಾವು ಸಭೆ ಕರೆದು ಠರಾವು ಮಾಡಿದಿರಿ: ಶ್ರೀಮತಿ ಜಲಜಾ ಅವರು "ದೇವರ ಹೆಸರಿನಲ್ಲಿ" ಪಾರ್ಕನ್ನು ದುರುಪಯೋಗಪಡಿಸಿಕೊಂಡಿದ್ದಾರೆ. ನಾನು ಯಾವ ದೇವರ ಹೆಸರನ್ನೂ ಹೇಳಲಿಲ್ಲವೆಂಬುದು ತಮಗೇ ಗೊತ್ತು. ಹೇಳಬೇಡಿ ಎಂದವರು ತಾವೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬುದನ್ನು ಇಷ್ಟು ಶಾಸ್ತ್ರೋಕ್ತವಾಗಿ ಆಚರಿಸಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ತಮ್ಮ ಸನ್ನಿಧಿಯಲ್ಲಿ ಕೆಲವು ಕೋರಿಕೆಗಳು. ತಮ್ಮ ಹೊಸ ಬೋರ್ಡಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ, ಎಂಟರ ಆಕಾರದ ಬೆಣಚುಕಲ್ಲಿನ ದಾರಿಯ ಬಳಿ ಸಂಘದ್ದೇ ಹಳೆಯ ಬೋರ್ಡೊಂದಿದೆ: "ಪಾದರಕ್ಷೆ ಕಳಚಿ ನಡೆಯಿರಿ, ಆರೋಗ್ಯ ಕಾಪಾಡಿಕೊಳ್ಳಿ." ಆ ಹನ್ನೆರಡು ಹೆಜ್ಜೆಗಳಲ್ಲಿ ಎಷ್ಟನೆಯದರಲ್ಲಿ ಚಪ್ಪಲಿ ಕಳಚಿದರೆ ಎರಡೂ ಬೋರ್ಡಿಗೆ ಮರ್ಯಾದೆ ಕೊಟ್ಟಂತಾಗುತ್ತದೆಂದು ಠರಾವಿನ ಮೂಲಕ ತಿಳಿಸಬೇಕು. ಸದ್ಯಕ್ಕೆ ನಾನು ಆ ಕಲ್ಲಿನ ಮೇಲೆ ದಿನಕ್ಕೆ ಎರಡು ಗಂಟೆ ಎಂಟು ಬರೆಯುತ್ತಿದ್ದೇನೆ. ಓಡುತ್ತಿಲ್ಲ, ನಡೆಯುತ್ತಿದ್ದೇನೆ, ಕಾನೂನಿಗೆ ವಿಧೇಯಳಾಗಿ. ತಾವು ದಯಪಾಲಿಸಿದ ಈ ಶಿಕ್ಷೆಯಿಂದ ನನ್ನ ಅಂಗಾಲು ಹಳೇ ಟೈರಿನಷ್ಟು ಗಟ್ಟಿಯಾಗಿದೆ. ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುವ ನಾಯಿ, ಪಾರಿವಾಳ, ಅಳಿಲುಗಳಿಗೂ ಪಾದರಕ್ಷೆ ನಿಯಮ ಅನ್ವಯಿಸಿದರೆ ಪಕ್ಷಪಾತವೆಂಬ ಮಾತು ಬರುವುದಿಲ್ಲ.

ಎರಡನೆಯದಾಗಿ, ತಾವು ದೈವಭಕ್ತರು, ಬಲ್ಲವರು. ಐವತ್ತಮೂರು ವರ್ಷದ ಹೆಂಗಸು ಯಾರಿಗೂ ಏನೂ ಆಗಬೇಕಿಲ್ಲದೆ, ತನಗೆ ಬೇಕೆನಿಸಿ ಐವತ್ತು ಕಿಲೋಮೀಟರ್ ಓಡುವುದಕ್ಕೆ ಒಪ್ಪುವ ದೇವರು ಯಾರಾದರೂ ಇದ್ದರೆ ವಿಳಾಸ ತಿಳಿಸಿ. ನಾಳೆಯೇ ಹರಕೆ ಹೊತ್ತು, ರಸೀದಿ ಸಮೇತ ಹಾಜರಾಗುತ್ತೇನೆ.

ನಗೆಯ ಮಾತು ಸಾಕು. ಯಜಮಾನರ ಸಕ್ಕರೆ ಕಾಯಿಲೆಗೆ ನಾನು ಹದಿನಾರು ಸೋಮವಾರ ಉಪವಾಸವಿದ್ದೆ. ಮಗಳು ಇಂಚರಾಳ ಪಿಯುಸಿಗೆ ನಲವತ್ತೆಂಟು ದಿನ ಪ್ರದಕ್ಷಿಣೆ ಹಾಕಿದೆ. ಅತ್ತೆಯವರ ಕಣ್ಣಿಗಾಗಿ ಒದ್ದೆ ಸೀರೆಯಲ್ಲಿ ಉರುಳುಸೇವೆ ಮಾಡಿದೆ; ಅಂದು ಕಲ್ಲುಹಾಸಿನ ಮೇಲೆ ಉರುಳುತ್ತಿದ್ದವಳಿಗೆ ಎಲ್ಲರೂ ಕೈಮುಗಿದು ದಾರಿ ಬಿಟ್ಟರು. ನೆಲದಲ್ಲಿ ಉರುಳಿದರೆ ದಾರಿ ಬಿಡುವವರು, ಎದ್ದು ಓಡಿದರೆ ಬೋರ್ಡು ಹಾಕುತ್ತಾರೆ. ನನಗೆ ಓಡುವುದು ಇಷ್ಟ, ಅಷ್ಟೇ. ಮುಂಜಾನೆ ಇಬ್ಬನಿ ಬಿದ್ದ ಮಣ್ಣು ಅಂಗಾಲಿಗೆ ತಣ್ಣಗೆ ತಾಗಿದಾಗ ಆಗುವ ಸುಖಕ್ಕೆ ಕಾರಣ ಕೊಡಬೇಕೆಂದು ನನಗೆ ಗೊತ್ತಿರಲಿಲ್ಲ. ಹನುಮಕ್ಕ ಮೊದಲ ದಿನವೇ ಕಂಡುಹಿಡಿದಿದ್ದಳಂತೆ. "ಹರಕೆಯೋರ ಮೊಕ ನಂಗೊತ್ತಿಲ್ವಾ? ನಿಮ್ ಮೊಕದಾಗೆ ಕಷ್ಟ ಇರ್ಲಿಲ್ಲ ಕಣಮ್ಮ, ಖುಷಿ ಇತ್ತು. ಅದ್ಕೇ ಬಾಯ್ ಮುಚ್ಕೊಂಡು ಗುಡಿಸ್ದೆ" ಎಂದಳು. ಅವಳನ್ನೇ ಸಂಘದ ಅಧ್ಯಕ್ಷೆ ಮಾಡಬೇಕೆಂದು ನಾನು ಕೋರುತ್ತಿಲ್ಲ, ಏಕೆಂದರೆ ಅವಳಿಗೆ ಕೆಲಸವಿದೆ.

ನನ್ನ ನಿಜವಾದ ಬೇಡಿಕೆ ಒಂದೇ. ಓಟಕ್ಕೆ ಇಪ್ಪತ್ತೈದು ದಿನ ಉಳಿದಿದೆ. ಅದಕ್ಕೆ ಮೊದಲು ಒಂದು ದೀರ್ಘ ಓಟ ಮುಗಿಸದಿದ್ದರೆ ನಾನು ಕೆಂಗೇರಿಯಿಂದ ಗಾಡಿಯಲ್ಲಿ ಕೂತು ಬರುವುದು ಖಂಡಿತ. ಹೊಲಿಗೆ ಬಿಚ್ಚಿದ ಹಿಮ್ಮಡಿ ರಸ್ತೆಯ ಜಲ್ಲಿಯನ್ನು ಅಷ್ಟು ಹೊತ್ತು ತಡೆಯಲಾರದು. ಬರುವ ಭಾನುವಾರ, ಒಂದೇ ಒಂದು ಬೆಳಗ್ಗೆ, ಆ ಮಣ್ಣಿನ ಪಟ್ಟಿಯಲ್ಲಿ ತೊಂಬತ್ತು ಸುತ್ತು ಹಾಕಲು ಬಿಡಿ. ತೊಂಬತ್ತೂ ನನ್ನವೇ, ಈ ಸಲ ಯಾರ ಕಷ್ಟವನ್ನೂ ಸೇರಿಸಿಕೊಳ್ಳುವುದಿಲ್ಲ.

ಉತ್ತರದ ನಿರೀಕ್ಷೆಯಲ್ಲಿ, ನಿಂತಲ್ಲಿ ನಿಲ್ಲಲಾರದೆ,

ತಮ್ಮ ವಿಶ್ವಾಸಿ, ಆದರೆ ತಮ್ಮ ಹರಕೆಯವಳಲ್ಲದ,
ಜಲಜಾ ಪುರುಷೋತ್ತಮ

ಮರೆತ ಮಾತು: ನಾನು ಹಾಕಿದ ಸುತ್ತುಗಳೆಲ್ಲ ಮೋಸದವು ಎಂದು ಠರಾವಾದ ಮೇಲೆ, ತಮ್ಮ ಹೆಸರಿನ ಒಂಬತ್ತನ್ನು ತಮ್ಮ ತಲೆಯ ಮೇಲೆ ಹೊರಿಸಿಡುವುದು ಸರಿಯಲ್ಲವೆನಿಸಿತು. ಆದ್ದರಿಂದ ಇಂದು ಬೆಳಗ್ಗೆ, ಸಂಘದ ಅಧಿಕಾರ ನಡೆಯದ ಕಾಂಪೌಂಡಿನ ಹೊರಗಿನ ಫುಟ್‌ಪಾತಿನಲ್ಲಿ, ಅದೇ ಅರಳಿಕಟ್ಟೆಯನ್ನು ನಡುವೆ ಇಟ್ಟುಕೊಂಡು, ಬಲದಿಂದ ಎಡಕ್ಕೆ ಒಂಬತ್ತು ಸುತ್ತು ಓಡಿ ಅವನ್ನು ಬಿಚ್ಚಿಹಾಕಿದ್ದೇನೆ. ಸ್ಪಂದನಳ ಎರಡನ್ನು ಮುಟ್ಟಿಲ್ಲ, ಮಗು ಓದುತ್ತಿದೆ. ಇಂಥದ್ದರಲ್ಲಿ ನನಗೆ ನಂಬಿಕೆಯಿಲ್ಲ, ತಮಗೂ ಇಲ್ಲದಿದ್ದರೆ ಚಿಂತೆಯೇ ಇಲ್ಲ. ಇದ್ದರೆ, ಎ ಖಾತಾವನ್ನು ಒಮ್ಮೆ ತೆಗೆದು ನೋಡಿಕೊಳ್ಳಿ. ಆ ಒಂಬತ್ತನ್ನು ಮತ್ತೆ ಬಲಕ್ಕೆ ಸುತ್ತಿಕೊಡಲು ನನ್ನ ಅಭ್ಯಂತರವಿಲ್ಲ, ಆದರೆ ನನ್ನ ತೊಂಬತ್ತು ಮುಗಿದ ಮೇಲೆ. ಭಾನುವಾರ ಗೇಟು ಐದಕ್ಕೆ ತೆರೆದಿರಲಿ.