ಏಳೂವರೆ ಟನ್ನಿನೊಳಗೊಂದು ಸಂಸಾರ

"ಟೈಲರ್ರೇ, ಇದನ್ನ ಓಡಿಸೋಕೆ ನಿಮ್ಮ ಹತ್ರ ಲೈಸೆನ್ಸ್ ಇದೆಯಾ?"

ಮಾತೆತ್ತಿದರೆ ಕಾನೂನು ಹೇಳಿ ಬೀದಿಗೆಲ್ಲ 'ಕಾನೂನು ಮಾವ' ಆಗಿದ್ದ ಪಕ್ಕದ ಮನೆಯವ ಕೇಳಿದ ಈ ಒಂದೇ ಪ್ರಶ್ನೆಯಿಂದ ಟೈಲರನ ರಜೆ ಎಕ್ಕುಟ್ಟಿ ಹೋಯಿತು. ಬೆಳಗಾಗೆದ್ದು ಮನುಷ್ಯ ಮನುಷ್ಯನನ್ನು ಕೇಳುವ ಮಾತೇ ಅದು? ವರ್ಷವಿಡೀ ಬೀದಿಯವರ ಪ್ಯಾಂಟು ಹೊಲಿದು ಬೆನ್ನು ಬಾಗಿದ ಬಡಪಾಯಿ, ಒಂದು ವಾರ ಸುತ್ತಾಡಿ ಬರಲು ಭಾವನ ಮನೆಗಾಡಿಯನ್ನು ಕೇಳಿ ಪಡೆದಿದ್ದ. ಒಳಗೆ ಹಾಸಿಗೆ, ಒಲೆ, ಸಿಂಕು, ಕಕ್ಕಸು ಎಲ್ಲ ಇತ್ತು. ಭಾವನ ಡ್ರೈವರ್ ಹಿಂದಿನ ಸಂಜೆಯೇ ತಂದು ನಿಲ್ಲಿಸಿ ಹೋಗಿದ್ದ.

"ಇಪ್ಪತ್ತು ವರ್ಷದಿಂದ ಕಾರು ಓಡಿಸ್ತಿದೀನಿ!" ಎಂದು ಟೈಲರ್ ರೇಗಿದ.

"ಕಾರಿನ ಲೈಸೆನ್ಸು ಏಳೂವರೆ ಟನ್ನಿಗೇ ಮುಗೀತು ಸ್ವಾಮೀ. ಮೇಲೆ ಒಂದು ಕೇಜಿ ಹೆಚ್ಚಾದ್ರೂ ದೊಡ್ಡ ಗಾಡಿ ಲೈಸೆನ್ಸೇ ಬೇಕು."

ಟೈಲರ್ ಹಲ್ಲು ಕಡಿದ. ಆದರೆ ಆ ಸಿಟ್ಟಿನ ನಡುವೆಯೇ ಅವನಿಗೊಂದು ಉಪಾಯ ಹೊಳೆಯಿತು. ಬಾಗಿಲಲ್ಲಿ ಅತ್ತೆ ತಮ್ಮ ಟ್ರಂಕಿನ ಮೇಲೆ ಕೂತು ಹೊರಡಲು ಕಾಯುತ್ತಿದ್ದರು. ಇಡೀ ಆಯುಷ್ಯ ಶಾಲೆಯ ಮಕ್ಕಳನ್ನು ಗದರಿಸಿ ಗಟ್ಟಿಯಾದ ಗಂಟಲು ಅವರದು. ಕಾರಿನ ಹಿಂದಿನ ಸೀಟಿನಲ್ಲಿ ಕೂತರೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತಿತ್ತು. "ಅಳಿಯಂದ್ರೇ, ಗೇರ್ ಇಳಿಸಿ. ಅಳಿಯಂದ್ರೇ, ಕನ್ನಡಿ ನೋಡಿ." ಪ್ರತಿ ಸಲವೂ ಟೈಲರನದು ಒಂದೇ ಉತ್ತರ: "ಹಿಂದೆ ಕೂತೋರು ಸುಮ್ನೆ ಕೂತ್ಕೋಬೇಕು, ಅತ್ತೆ." ಆ ಕಾಲಿಲ್ಲದೆ, ಆ ಗಂಟಲಿಲ್ಲದೆ ಒಂದೇ ಒಂದು ವಾರ ತಾನೇ ರಾಜನಂತೆ ಗಾಡಿ ಓಡಿಸಬೇಕು. ಅವನು ಬೇಡಿದ್ದು ಅಷ್ಟೇ.

"ಅತ್ತೆ, ತೂಕದ ಸಮಸ್ಯೆ ನೋಡಿ. ನೀವು ಈ ಸಲ ಮನೇಲೇ ಇದ್ಬಿಡಿ."

"ರೀ! ಅಮ್ಮನ್ನ ಸಾಮಾನು ಅಂದ್ಕೊಂಡ್ರಾ?" ಹೆಂಡತಿ ಕೆಂಡವಾದಳು.

"ನಾನಲ್ಲ ಕಣೇ, ಕಾನೂನು!"

ಅತ್ತೆ ಟ್ರಂಕಿನಿಂದ ಏಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಇನ್ನಷ್ಟು ಭದ್ರವಾಗಿ ಕೂತರು.

ಬೀದಿಯ ತುದಿಯ ಗುಜರಿ ಅಂಗಡಿಯಲ್ಲಿ ಲಾರಿ ತೂಗುವ ಯಂತ್ರವಿತ್ತು. ಅಲ್ಲಿಯವರೆಗೆ ಓಡಿಸುವಂತಿಲ್ಲವಲ್ಲ! "ಓಡಿಸಿದ್ರೆ ತಪ್ಪು, ತಳ್ಳಿದ್ರೆ ತಪ್ಪಲ್ಲ," ಎಂದು ಕಾನೂನು ಮಾವ ತೀರ್ಪು ಕೊಟ್ಟ. ಬೀದಿಗೆ ಬೀದಿಯೇ ಹೆಗಲು ಕೊಟ್ಟಿತು. ಮಾವ ಮಾತ್ರ ಬಾಯಿ ಕೊಟ್ಟ.

ಮುಳ್ಳು ಏಳೂವರೆ ದಾಟಿ ನಿಂತಿತು. ಹಾಸಿಗೆ ಇಳಿಯಿತು. ಇನ್ನೂ ಹೆಚ್ಚು. ಒಲೆ ಇಳಿಯಿತು, ತೊಟ್ಟಿಯ ನೀರೆಲ್ಲ ಮೋರಿ ಸೇರಿತು. ಇನ್ನೂ ಹೆಚ್ಚು.

"ಸಾಮಾನೆಲ್ಲ ಒಂದು ಟ್ರೈಲರ್‌ಗೆ ತುಂಬಿ ಹಿಂದೆ ಕಟ್ಕೊಂಡು ಹೋಗಪ್ಪ," ಎಂದ ಎದುರಂಗಡಿಯ ಕ್ಷೌರಿಕ.

"ಭಾರದ ಟ್ರೈಲರ್ ಎಳೆಯೋಕೆ ಅದಕ್ಕೇ ಬೇರೆ ಲೈಸೆನ್ಸು!" ಎಂದ ಮಾವ.

"ಉಸಿರಾಡೋಕೂ ಬೇರೆ ಲೈಸೆನ್ಸ್ ಇದೆಯಾ?" ಟೈಲರ್ ಕಿರುಚಿದ. ಅದೇ ರೋಷದಲ್ಲಿ ಸ್ಪ್ಯಾನರ್ ಹಿಡಿದು ಒಳನುಗ್ಗಿ ಕಕ್ಕಸನ್ನೇ ಬಿಚ್ಚಿ ತಂದು ರಸ್ತೆಯ ನಡುವೆ ಇಟ್ಟ. ಮುಳ್ಳು ಏಳೂವರೆಗಿಂತ ಕೂದಲೆಳೆಯಷ್ಟು ಕೆಳಗಿಳಿಯಿತು. ಬೀದಿಯವರು ಚಪ್ಪಾಳೆ ತಟ್ಟಿದರು. ಟೈಲರ್ ಎದೆಯುಬ್ಬಿಸಿ ಸ್ಟಿಯರಿಂಗ್ ಹಿಡಿದ.

ಅಷ್ಟರಲ್ಲಿ ಶಿಳ್ಳೆ ಕೇಳಿತು. ದಾರಿಗೆ ಅಡ್ಡವಾಗಿ ಕಕ್ಕಸು ಕಂಡ ಟ್ರಾಫಿಕ್ ಇನ್ಸ್‌ಪೆಕ್ಟರ್ ಬೈಕಿನಿಂದ ಇಳಿದು ಬಂದರು. ಕತೆಯೆಲ್ಲ ಕೇಳಿ, ಗಾಡಿಯ ಬಾಗಿಲ ಪಕ್ಕದ ತಗಡಿನ ಪಟ್ಟಿಯತ್ತ ಬೆರಳು ತೋರಿಸಿದರು.

"ಲೈಸೆನ್ಸಿಗೆ ಲೆಕ್ಕ ಇದು. ತುಂಬಿದಾಗ ಹೆಚ್ಚಂದ್ರೆ ಎಷ್ಟು ತೂಗಬಹುದು ಅಂತ ಕಂಪನಿಯವರೇ ಬರೆದಿರ್ತಾರೆ. ಎಂಟೂಕಾಲು ಟನ್. ನೀವು ಇವತ್ತು ಖಾಲಿ ಮಾಡಿದ್ರೂ ಅಷ್ಟೇ, ತುಂಬಿದ್ರೂ ಅಷ್ಟೇ. ಟೈಲರ್ ಅಂತೀರಾ, ದಪ್ಪಗಿರೋರ ಅಂಗೀನ ಸಣ್ಣಗಿರೋರು ಹಾಕ್ಕೊಂಡ್ರೆ ಕಾಲರ್ ಹಿಂದಿನ ನಂಬರ್ ಬದಲಾಗತ್ತೇನ್ರೀ?"

ಟೈಲರ್ ಮಾವನತ್ತ ದುರುಗುಟ್ಟಿ ನೋಡಿದ.

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದ ಮಾವ. ಎಂಥ ಜನ ನೋಡಿ!

"ದೊಡ್ಡ ಗಾಡಿ ಲೈಸೆನ್ಸ್ ಇರೋರು ಯಾರಾದ್ರೂ ಇದ್ರೆ ಸರಿ. ಇಲ್ಲಾಂದ್ರೆ ಗಾಡಿ ಇಲ್ಲಿಂದ ಅಲ್ಲಾಡೋ ಹಾಗಿಲ್ಲ," ಎಂದರು ಇನ್ಸ್‌ಪೆಕ್ಟರ್.

"ಇದೆ," ಎಂದಿತು ಗುಂಪಿನ ಹಿಂದಿನಿಂದ ಒಂದು ಗಟ್ಟಿ ಗಂಟಲು.

ಇನ್ಸ್‌ಪೆಕ್ಟರ್ ತಿರುಗಿ ನೋಡಿದವರೇ ಟೋಪಿ ಸರಿಮಾಡಿಕೊಂಡರು. "ಅಯ್ಯೋ, ನಮ್ಮ ಸ್ಕೂಲ್ ಬಸ್ ಓಡಿಸ್ತಿದ್ದ ಅಮ್ಮ ಅಲ್ವಾ ನೀವು?"

"ಹೌದಪ್ಪ. ನೀನು ಕಿಟಕಿಯಿಂದ ತಲೆ ಹೊರಗೆ ಹಾಕ್ತಿದ್ದೋನು," ಎಂದು ಅತ್ತೆ ಲೈಸೆನ್ಸನ್ನು ಅವರ ಕೈಗಿಟ್ಟರು. "ಬೆಳಿಗ್ಗೆಯಿಂದ ನನ್ನನ್ನ ಯಾರೂ ಕೇಳ್ಲೇ ಇಲ್ಲ ನೋಡು."

ಮಧ್ಯಾಹ್ನವೆಲ್ಲ ಟೈಲರ್ ಬಿಚ್ಚಿದ್ದನ್ನು ಮತ್ತೆ ಕೂಡಿಸಿದ. ಮೊದಲು ಕಕ್ಕಸು, ಕೊನೆಗೆ ಅತ್ತೆಯ ಟ್ರಂಕು. ಅತ್ತೆ ಸ್ಟಿಯರಿಂಗ್ ಹಿಡಿದರು, ಟೈಲರನ ಹೆಂಡತಿ ಪಕ್ಕದಲ್ಲಿ ಕೂತಳು. ಟೈಲರನಿಗೆ ಹಿಂದೆ, ಸಿಂಕಿನ ಪಕ್ಕದ ಸೀಟು ಸಿಕ್ಕಿತು.

ಬೀದಿಯ ತಿರುವು ಬಂದಾಗ ಅವನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. "ಅತ್ತೆ, ನಿಧಾನ! ಗೇರ್..."

ಅತ್ತೆ ಕನ್ನಡಿಯಲ್ಲಿ ಅವನನ್ನು ನೋಡಿದರು.

"ಹಿಂದೆ ಕೂತೋರು ಸುಮ್ನೆ ಕೂತ್ಕೋಬೇಕು, ಅಳಿಯಂದ್ರೇ."