ಶಿವಗಂಗಾ ಬೆಳಿಗ್ಗೆ ಹೇಳಿದ ಮಾತು

ಬೆಳಿಗ್ಗೆ ಶಿವಗಂಗಾ ಏನೋ ಹೇಳಿದಳು, ಸಿದ್ದರಾಮೇಶ "ಹೂಂ" ಎಂದ. ಮುಂದಿನ ರಾಮಾಯಣವೆಲ್ಲ ಆದದ್ದು ಆ ಒಂದು ಹೂಂನಿಂದ. ಅವಳು ಅಷ್ಟುದ್ದ ಹೇಳಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಕೊನೆಯ "ಮರೀಬ್ಯಾಡ್ರಿ ಮತ್ತ" ಅಷ್ಟೇ. ಉಳಿದ ಹೊತ್ತು ಅವನು ಉಪ್ಪಿಟ್ಟಿನೊಳಗಿನ ಕರಿಬೇವಿನ ಎಲೆಯನ್ನು ನೋಡುತ್ತ ಕೂತಿದ್ದ.

ಹೋದ ವರ್ಷ ಅವನ ಮನಸ್ಸಿಗೆ ಎಂಥದೋ ಮಂಕು ಕವಿದು, ಅಫಜಲಪುರದ ಬಜಾರಿನಲ್ಲಿದ್ದ ತನ್ನ ಮಿಕ್ಸರ್ ರಿಪೇರಿ ಅಂಗಡಿಯ ಶಟರ್ ಎತ್ತಲೂ ಕೈ ಏಳದಂತಾಗಿತ್ತು. ಕಲಬುರಗಿಯ ಮನಸ್ಸಿನ ಡಾಕ್ಟರ ಬಳಿಗೆ ಅವನನ್ನು ಎಳೆದುಕೊಂಡು ಹೋದವಳು ಶಿವಗಂಗಾ. ಗುಳಿಗೆ ಹಿಡಿದವು. ಊಟ ರುಚಿಸಿತು, ನಗು ಬಂತು, ಶಟರ್ ಎದ್ದಿತು. ಮಾತಿನ ಮೇಲೆ ಗಮನವಿಡುವ ಧ್ಯಾಸ ಮಾತ್ರ ತಾನೂ ಎದ್ದು ಎಲ್ಲಿಗೋ ಹೋಯಿತು. "ಗುಳಿಗಿ ಬಿಡಬ್ಯಾಡ್ರಿ, ಮುಂದಿನ ಸಲ ಡೋಸ್ ನೋಡೋಣು" ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಯಾರು ಏನೇ ಹೇಳಲಿ, ಮಾತು ನಿಂತಲ್ಲಿ ಒಂದು ಹೂಂ ಒಗೆದು ಅವನು ಕಾಲ ತಳ್ಳುತ್ತಿದ್ದ.

ಆದರೆ ಮೊನ್ನೆ ಶಿವಗಂಗಾ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಳು. "ಇನ್ನೊಮ್ಮೆ ಧ್ಯಾಸ ಇಲ್ದ ಹೂಂ ಅಂದ್ರ, ನಾ ಗೊಬ್ಬೂರ ಬಸ್ ಹತ್ತತೇನಿ ನೋಡ್ರಿ!"

ಗೊಬ್ಬೂರು ಅವಳ ತವರು. ಅವಳಿಲ್ಲದ ಮನೆಯನ್ನು ನೆನೆಸಿಕೊಂಡರೇ ಅವನ ಜೀವ ಬಾಯಿಗೆ ಬರುತ್ತಿತ್ತು. ಹೀಗಾಗಿ "ಏನಂದಿ?" ಎಂದು ತಿರುಗಿ ಕೇಳುವಂತಿರಲಿಲ್ಲ. ಮಾತನ್ನು ಬೇರೆ ಕಡೆಯಿಂದಲೇ ಪತ್ತೆ ಹಚ್ಚಬೇಕು.

ಪಕ್ಕದ ಮನೆಯ ನಿಂಬೆವ್ವ ಕಟ್ಟೆಯ ಮೇಲೆ ತೊಗರಿಬೇಳೆ ಹಸನು ಮಾಡುತ್ತಿದ್ದಳು.

"ಯವ್ವಾ, ಬೆಳಿಗ್ಗೆ ಶಿವಗಂಗಾ ನನಗೇನಂದಳು, ನಿನಗ ಕೇಳಿಸ್ತೇನು?"

"ನಾ ಏನ್ ಗ್ವಾಡಿಗಿ ಕಿವಿ ಹಚ್ಚಿ ಕುಂದ್ರಾಕಿ ಏನೋ?" ನಿಂಬೆವ್ವನಿಗೆ ಸಿಟ್ಟು ಬಂತು. "ಅದೂ ಅಲ್ದ, ನಡುವ ಕುಕ್ಕರ್ ಸೀಟಿ ಹೊಡೀತು. ನೀ ಎದುರಿಗೇ ಕುಂತಿದ್ದೆಲ್ಲ, ನಿನಗ್ಯಾಕ ಕೇಳಲಿಲ್ಲ?"

ಬೇರೆ ದಾರಿ ಕಾಣದೆ ಸಿದ್ದರಾಮೇಶ ಡಾಕ್ಟರು, ಗುಳಿಗೆ, ಧ್ಯಾಸ ಎಲ್ಲವನ್ನೂ ಹೇಳಿದ. ನಿಂಬೆವ್ವ ಗಲ್ಲಕ್ಕೆ ಕೈ ಹಚ್ಚಿಕೊಂಡು ಕೇಳಿ ತೀರ್ಪು ಕೊಟ್ಟಳು. "ಗ್ಯಾಸ್ ಮುಗದದ. ಮತ್ತೇನಿಲ್ಲ."

ಸಿದ್ದರಾಮೇಶ ಹಿತ್ತಲಿನ ಖಾಲಿ ಸಿಲಿಂಡರನ್ನು ಕಳ್ಳನಂತೆ ಎತ್ತಿಕೊಂಡು ಹೋಗಿ ತುಂಬಿದ್ದನ್ನು ತನ್ನ ಸ್ಕೂಟರಿಗೆ ಹೇರಿಕೊಂಡ. ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವ ಚಮನಸಾಬ ಅವನ ಗಾಡಿಯನ್ನು ತಡೆದ.

"ಕ್ಯಾ ಭಾಯ್, ಮುಂಜಾನೆದ್ದು ಸಿಲಿಂಡರ್ ಮೆರವಣಿಗಿ?"

ಅಲ್ಲಿಯೂ ಗುಳಿಗೆಯಿಂದಲೇ ಕತೆ ಶುರುವಾಯಿತು. ಚಮನಸಾಬ ಹಣೆ ಬಡಿದುಕೊಂಡ. "ಅರೇ, ಹೆಂಗಸ್ರು ಮರೀಬ್ಯಾಡ್ರಿ ಅಂದ್ರ ಅದು ಶಾದಿ ದಿನಾನ! ಹೋದ ವರ್ಷ ನಾ ಮರತೆ. ನನ್ನ ಬೀವಿ ಪ್ಯಾರಿಬಿ ಎಂಟು ದಿನ ನನ್ನ ಚಾದಾಗ ಸಕ್ರಿ ಹಾಕಲಿಲ್ಲ. ಚಾ ಅಂಗಡಿ ಮಾಲಕ ನಾ, ನನಗ!"

ಬೇಕರಿಯಲ್ಲಿ ಉಳಿದಿದ್ದದ್ದು ಯಾರೋ ಹೇಳಿ ಮಾಡಿಸಿ ಒಯ್ಯದೆ ಬಿಟ್ಟ ಒಂದೇ ಕೇಕು. ಅದರ ಮೇಲೆ "ಹ್ಯಾಪಿ ಬರ್ತಡೇ ಬಬ್ಲು" ಎಂದು ಬರೆದಿತ್ತು. ಇರಲಿ ಎಂದು ಅದನ್ನೇ ಕಟ್ಟಿಸಿಕೊಂಡ.

ಅಷ್ಟರಲ್ಲಿ ಸುದ್ದಿ ಚಹಾದ ಜೊತೆಗೆ ಇಡೀ ಬಜಾರಿಗೆ ಹಂಚಿಹೋಗಿತ್ತು. ಅಂಗಡಿಗೆ ಬಂದವರೆಲ್ಲ ಮಿಕ್ಸರ್ ಮರೆತು "ನೆನಪಾತೇನ್ರಿ?" ಎಂದು ಕೇಳುವವರೇ. ನಿವೃತ್ತ ಮಾಸ್ತರ ಶಾಂತಲಿಂಗಪ್ಪನವರಂತೂ ಹೆಗಲ ಮೇಲೆ ನಿಚ್ಚಣಿಕೆ ಹೊತ್ತುಕೊಂಡೇ ಬಂದರು.

"ನಿಮ್ಮ ಮನಿ ಮ್ಯಾಲಿನ ಟಾಕಿ ತುಂಬಿ ಹರಿಯಾಕತ್ತದಪಾ. ನಿನ್ನ ಹೆಂಡ್ತಿ ಅಂದದ್ದು ಅದನ್ನ. ತಗೋ, ಹತ್ತಿ ರಿಪೇರಿ ಮಾಡು."

ಸಂಜೆ ಗಾಡಿಯ ಮುಂದೆ ಸಿಲಿಂಡರು, ಹ್ಯಾಂಡಲ್ಲಿಗೆ ಕೇಕು, ಹೆಗಲಿಗೆ ನಿಚ್ಚಣಿಕೆ ಸಿಕ್ಕಿಸಿಕೊಂಡು ಸಿದ್ದರಾಮೇಶ ಮನೆಗೆ ಬಂದ. ಇಷ್ಟರಲ್ಲಿ ಒಂದಾದರೂ ತಾಗೀತು ಎಂಬ ಧೈರ್ಯ ಅವನಿಗಿತ್ತು.

ಪಡಸಾಲೆಯಲ್ಲಿ ಗುರುತಿಲ್ಲದ ಮೂವರು ಕೂತಿದ್ದರು. ಕಚ್ಚೆ ಬಿಗಿದ ದೊಡ್ಡ ಹೆಂಗಸು, ಅವಳ ಗಂಡ, ಇಸ್ತ್ರಿ ಅಂಗಿಯ ಮಗ. ಸಿದ್ದರಾಮೇಶನ ತಂಗಿ ಸುವರ್ಣಾ ರೇಷ್ಮೆ ಸೀರೆಯುಟ್ಟು ಚಹಾದ ತಟ್ಟೆ ಹಿಡಿದಿದ್ದಳು. ಶಿವಗಂಗಾ ಗಂಡನನ್ನು ಅಡುಗೆಮನೆಗೆ ಎಳೆದೊಯ್ದಳು.

"ಬೆಳಿಗ್ಗೆ ನಾ ಏನ್ ಹೇಳಿದ್ದೆ?"

"ಗ್ಯಾಸು?... ಟಾಕಿ?... ಬಬ್ಲು?"

"ಸಂಜಿಕ ಜೇವರ್ಗಿಯವರು ಸುವರ್ಣಾನ್ನ ನೋಡಾಕ ಬರ್ತಾರ, ಜಲ್ದಿ ಬರ್ರಿ, ಗುಳಿಗಿ ಸುದ್ದಿ ಊರಾಗ ಯಾರ ಮುಂದೂ ತಗೀಬ್ಯಾಡ್ರಿ, ಮರೀಬ್ಯಾಡ್ರಿ ಮತ್ತ ಅಂದಿದ್ದೆ!"

ಸಿದ್ದರಾಮೇಶ ಹಿಟ್ಟಿನ ಡಬ್ಬಿಯ ಮೇಲೆ ಕುಸಿದು ಕೂತ. "ಶಿವಗಂಗಾ, ಅದು ಗೊತ್ತಿಲ್ದವರು ಈಗ ಆ ಜೇವರ್ಗಿಯವರಷ್ಟ ಉಳದಾರ."

"ನಮಗೂ ಗೊತ್ತಾಗ್ಯಾದ್ರಿ!" ಪಡಸಾಲೆಯಿಂದ ದನಿ ಬಂತು.

ಹುಡುಗನ ತಾಯಿ ಭಾಗಮ್ಮ ಅಡುಗೆಮನೆಯ ಬಾಗಿಲಿಗೇ ಬಂದು ನಿಂತಳು. "ಬಸ್ ಇಳದು ಚಾ ಅಂಗಡ್ಯಾಗ ನಿಮ್ಮ ಮನಿ ಕೇಳಿದೆವು. 'ಹೆಂಡ್ತಿ ಮಾತ ಹುಡಕಾಕತ್ತವರ ಮನಿ ಏನ್ರಿ' ಅಂದ್ರು. ಗುಳಿಗಿ ಏನ್ ದೊಡ್ಡದು? ನಮ್ಮ ಮನ್ಯಾಗ ಬಿಪಿದು, ಸಕ್ರಿ ಬ್ಯಾನಿದು ಡಬ್ಬಿಗಟ್ಲೆ ಅವ. ಆದ್ರ ಹೆಂಡ್ತಿ ಒಂದ ಮಾತ ಕಳದದ್ದಕ್ಕ ದಿನಪೂರ್ತಿ ಊರ ತಿರಗೋ ಗಂಡಸನ್ನ ನಾ ಈ ಜನ್ಮದಾಗ ಕಂಡಿಲ್ಲ. ನಮ್ಮವರು ನೋಡ್ರಿ, ಲಗ್ನಾದಾಗಿಂದ ಗುಳಿಗಿ ಇಲ್ದನ ಒಂದ ಮಾತೂ ಕೇಳಿಲ್ಲ!"

"ಹೂಂ" ಎಂದರು ಅವಳ ಗಂಡ ರೇವಣಪ್ಪ, ಕೇಕಿನ ಕಡೆ ನೋಡುತ್ತ.

ಸಂಬಂಧ ಕುದುರಿತು. ಬಬ್ಲುವಿನ ಹೆಸರನ್ನು ಚಮಚೆಯಿಂದ ಸವರಿ ಸುವರ್ಣಾ ಮತ್ತು ಹುಡುಗ ಕೇಕು ಕತ್ತರಿಸಿದರು. ಶಿವಗಂಗಾಳ ಕಣ್ಣು ತುಂಬಿ ಬಂತು. "ದಿನಪೂರ್ತಿ ಹುಡಿಕಿದ್ರೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಗೊಬ್ಬೂರಿನ ಬಸ್ಸು ತಪ್ಪಿತು ಎಂದು ಸಿದ್ದರಾಮೇಶ ಖುಷಿಯಿಂದ ಕುಣಿಯುವುದೊಂದು ಬಾಕಿ.

"ನಂದೊಂದು ಕರಾರು ಅದ" ಎಂದಳು ಭಾಗಮ್ಮ. "ಎಂಟು ದಿನ ನಮ್ಮವರನ್ನ ಇಲ್ಲೇ ಬಿಟ್ಟು ಹೋಗ್ತೇನಿ. ನಿಮ್ಮಂಗ ತಯಾರ ಮಾಡಿ ಕಳಸ್ರಿ."

"ಹೂಂ" ಎಂದರು ರೇವಣಪ್ಪ.

ಸಿದ್ದರಾಮೇಶ ಬಾಯಿ ತೆರೆಯುವಷ್ಟರಲ್ಲಿ ಶಿವಗಂಗಾ ಒಳಗೆ ಹೋಗಿ ಬಂದಳು. ಕೈಯಲ್ಲಿ ಬಟ್ಟೆಯ ಚೀಲವಿತ್ತು.

"ಅವಶ್ಯ ಬಿಡ್ರಿ ಅವ್ವಾರ. ಇವರನ್ನ ಒಬ್ಬರನ್ನ ಬಿಟ್ಟು ಹೋಗಾಕ ಜೀವ ಒಪ್ಪದ, ವರ್ಷಾತು ನಾ ತವರು ಕಂಡಿಲ್ಲ. ಈಗ ಇವರಿಗೆ ಬೀಗರು ಜೋಡಿ ಸಿಕ್ಕರು. ಸುವರ್ಣಾನ್ನೂ ಕರಕೊಂಡು ಗೊಬ್ಬೂರಿಗೆ ಹೋಗಿ ಎಂಟು ದಿನ ಇದ್ದು ಬರ್ತೇನ್ರಿ."

ಈ ಸಲ ಅವಳ ಮಾತು ಒಂದಕ್ಷರವೂ ಬಿಡದೆ ಸಿದ್ದರಾಮೇಶನ ಕಿವಿಗೆ ಬಿತ್ತು. ಭಾಗಮ್ಮ ಮಗನನ್ನು ಆಟೋದ ಮುಂದೆ ಕೂರಿಸಿದಳು, ಹೆಂಗಸರೆಲ್ಲ ನಗುತ್ತ ಹಿಂದೆ ಹತ್ತಿ ಬಸ್ ಸ್ಟ್ಯಾಂಡಿಗೆ ಹೊರಟುಹೋದರು.

ಮನೆ ಸುಮ್ಮನಾಯಿತು. ಹೊರಸಿನ ಮೇಲೆ ಕಾಲು ಚಾಚಿದ್ದ ರೇವಣಪ್ಪ ಕೇಳಿದರು. "ಬೀಗರ, ಎಲ್ಲಾರೂ ಎತ್ಲಾಗ ಹೋದ್ರು?"

ಸಿದ್ದರಾಮೇಶ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದ. ರೇವಣಪ್ಪ ಗಂಭೀರವಾಗಿ ತಲೆಯಾಡಿಸಿದರು.

"ಖರೆ ಅದ, ಖರೆ ಅದ. ಅಂದಂಗ, ನಿಮ್ಮ ಮನಿಯವರು ಊಟಕ್ಕ ಏನ್ ಮಾಡಾಕತ್ತಾರ?"