ಮಾತಾಡದ ಫೋನಿಗೆ ಫೈಬರ್ ಲೈನು

ಹೊಸದು ಬಂತು ಅಂದರೆ ಓಡಿ ಹೋಗಿ ಬರಮಾಡಿಕೊಳ್ಳುವವರು ಕೆಲವರು. ಅದು ಅಂಗಳಕ್ಕೆ ಬಂದು ನಿಂತರೂ ಬಾಗಿಲ ಸಂದಿಯಿಂದ ನೋಡಿ ಮನೆಯಲ್ಲಿ ಯಾರೂ ಇಲ್ಲ ಅನ್ನುವವರು ಇನ್ನು ಕೆಲವರು. ನಾನು ಎರಡನೆಯ ಗುಂಪಿನವಳು ಅಂತ ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ತೀರ್ಥಹಳ್ಳಿಯ ನನ್ನ ತವರಿನಲ್ಲಿ ಮಿಕ್ಸಿ ತಂದಾಗ ಅದರ ಸದ್ದಿಗೆ ನಾನು ಹಿತ್ತಿಲಿಗೆ ಓಡಿದ್ದೆನಂತೆ. ಈಗಲೂ ಎಟಿಎಂ ಮುಂದೆ ನಿಂತರೆ ಒಳಗೆ ಯಾರೋ ಕೂತು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಆದ್ದರಿಂದ ನಮ್ಮ ಮನೆಯ ಹಳೆಯ ಫೋನ್ ಲೈನು ತೆಗೆಸಿ ಫೈಬರ್ ಹಾಕಿಸುವ ಮಾತು ಬಂದಾಗ ನಾನು ಬೇಡ ಅಂದಿದ್ದನ್ನು ಮನೆಯವರು ನನ್ನ ಹುಟ್ಟುಗುಣದ ಲೆಕ್ಕಕ್ಕೆ ಹಾಕಿ ಸುಮ್ಮನಾದರು. ಕಾರಣ ಬೇರೆ ಇತ್ತು. ಅದನ್ನು ಅವರಿಗೆ ಹೇಳುವ ಹಾಗಿರಲಿಲ್ಲ, ನಿಮಗೆ ಹೇಳುತ್ತೇನೆ.

ನಮ್ಮ ಮನೆ ಸಾಗರದಲ್ಲಿ, ಪೇಟೆಯಿಂದ ತುಸು ಆಚೆ, ಟೆರೇಸ್ ಮನೆಗಳೇ ಸಾಲಾಗಿರುವ ಒಂದು ಬಡಾವಣೆಯಲ್ಲಿದೆ. ನಾನು ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮವರಿಗೆ ಬೈಕಿನ ಬಿಡಿಭಾಗಗಳ ಅಂಗಡಿ. ಮಗಳು ಮಾನಸ ಕಾಲೇಜಿಗೆ ಹೋಗುತ್ತಾಳೆ. ಇನ್ನುಳಿದವರು ನಮ್ಮ ಅತ್ತೆ. ಹಾಲಿನ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕೆಂಪು ಫೋನನ್ನು ಮನೆಯವರ ಲೆಕ್ಕದಲ್ಲಿ ಸೇರಿಸಿದರೂ ತಪ್ಪಿಲ್ಲ. ಮೊಬೈಲು ಬಂದ ಮೇಲೆ ಅದಕ್ಕೆ ಮಾತಾಡುವವರ ಫೋನು ಬರುವುದು ನಿಂತೇ ಹೋಗಿತ್ತು. ಬರುತ್ತಿದ್ದುದು ಮಾತಾಡದವರ ಫೋನು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ, ಹೆಚ್ಚಾಗಿ ಹಗಲು ಹೊತ್ತಿನಲ್ಲೇ, ಅದು ಟ್ರಿಣ್ ಅನ್ನುತ್ತಿತ್ತು. ಎತ್ತಿ ಹಲೋ ಅಂದರೆ ಆ ಕಡೆಯಿಂದ ಉತ್ತರವಿಲ್ಲ. ಸೋ ಅಂತ ಒಂದು ಸದ್ದು. ಸ್ವಲ್ಪ ಹೊತ್ತಿಗೆ ಅದೂ ಇಲ್ಲ.

ಬೇರೆ ಮನೆಯಾಗಿದ್ದರೆ ಬ್ಲ್ಯಾಂಕ್ ಕಾಲ್ ಅಂತ ಬೈದು ಇಡುತ್ತಿದ್ದರು. ನಮ್ಮಲ್ಲಿ ಇಡುವುದಿಲ್ಲ. ಯಾಕೆಂದರೆ ಅದು ರಾಘು ಅಂತ ಅತ್ತೆಯ ನಂಬಿಕೆ. ರಾಘು ನನ್ನ ಮೈದುನ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಬೆಳಿಗ್ಗೆ ತಿಂಡಿ ತಿಂದು, 'ಜೋಗಕ್ಕೆ ಹೋಗಿ ಬರ್ತಿ' ಅಂತ ಹೇಳಿ ಬಸ್ಸು ಹತ್ತಿದವನು ವಾಪಸು ಬರಲಿಲ್ಲ. ಯಾರ ಜೊತೆಗೂ ಜಗಳವಿರಲಿಲ್ಲ. ಸಾಗರದವರು ಜೋಗಕ್ಕೆ ಹೋಗಿ ಬರುತ್ತೇನೆ ಅನ್ನುವುದು ಸಂತೆಗೆ ಹೋಗಿ ಬರುತ್ತೇನೆ ಅಂದ ಹಾಗೆ, ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಆಮೇಲೆ ಹುಡುಕಿದ್ದು, ಪೊಲೀಸರಿಗೆ ಹೇಳಿದ್ದು, ಏನೂ ಸಿಗದೇ ಹೋದದ್ದು ಎಲ್ಲ ಆಯಿತು. ಜೋಗದಲ್ಲಿ ಕಾಣೆಯಾದವರ ಬಗ್ಗೆ ಊರಿನವರು ಏನು ಮಾತಾಡಿಕೊಳ್ಳುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಆಡಲು ಬಾಯಿ ತೆರೆದ ನೆಂಟರೊಬ್ಬರನ್ನು ಅತ್ತೆ ಒಂದೇ ಮಾತಿನಲ್ಲಿ ಕೂರಿಸಿದ್ದರು: "ಸಾಯಲೆ ಹೋಪವ ಕೊಡೆ ತಗಂಡು ಹೋಗ್ತ್ನಾ?" ರಾಘು ಕೊಡೆ ಹಿಡಿದುಕೊಂಡು ಹೋಗಿದ್ದು ನಿಜ. ಕೊಡೆಯೂ ಸಿಗಲಿಲ್ಲ.

ಹಾಗಾಗಿ ಆ ಫೋನು ಬಂದಾಗಲೆಲ್ಲ ಅತ್ತೆ ಅದಕ್ಕೆ ಅಡುಗೆಯ ವರದಿ ಒಪ್ಪಿಸುತ್ತಿದ್ದರು. "ಮಾಣಿ, ಊಟ ಆತನಾ? ಇವತ್ತು ಬಸಳೆ ಹುಳಿ. ಕಾಯಿ ಕಡಿಮೆ ಹಾಕಿದ್ದಿ, ನಿಂಗೆ ಜಾಸ್ತಿ ಆದ್ರೆ ಆಗ್ತಿಲ್ಲೆ." ಹಾಗೆ ಹೇಳಿ ಉತ್ತರಕ್ಕೆ ಜಾಗ ಬಿಟ್ಟು ಕಾಯುತ್ತಿದ್ದರು. ಬಾರದ ಉತ್ತರಕ್ಕೆ ತಲೆಯಾಡಿಸಿ ಮುಂದುವರಿಯುತ್ತಿದ್ದರು. ಪಕ್ಕದಲ್ಲಿ ನಿಂತು ಅದನ್ನು ನೋಡುವಾಗ ನನ್ನ ತೋಳಿನ ಕೂದಲು ನೆಟ್ಟಗಾಗುತ್ತಿತ್ತು. ನಮ್ಮವರು ಮಾತ್ರ ಇದೆಲ್ಲ ಎಕ್ಸ್‌ಚೇಂಜಿನ ತಾಪತ್ರಯ, ಮತ್ತೇನೂ ಅಲ್ಲ ಅನ್ನುತ್ತಿದ್ದರು. ಆದರೆ ಒಂದು ಭಾನುವಾರ ಫೋನು ಅವರ ಕೈಗೇ ಸಿಕ್ಕಿದಾಗ ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಎಕ್ಸ್‌ಚೇಂಜಿನ ತಾಪತ್ರಯಕ್ಕೆ ಅವರು ಕ್ರಿಕೆಟ್ ಸ್ಕೋರು ಹೇಳುತ್ತಿದ್ದರು. ಯಾರು ಔಟಾದರು, ಹೇಗೆ ಔಟಾದರು, ಎಲ್ಲ.

ಇನ್ನು ನನ್ನ ಸಂಗತಿ. ಅತ್ತೆ ಸ್ನಾನಕ್ಕೋ ದೇವಸ್ಥಾನಕ್ಕೋ ಹೋದಾಗ ಫೋನು ಬಂದರೆ ನಾನು ಎತ್ತುತ್ತಿದ್ದೆ. ಮೊದಮೊದಲು ಹಲೋ ಅಷ್ಟೇ. ಆಮೇಲೆ ಒಂದು ದಿನ, ಯಾಕೋ ಏನೋ, ಅತ್ತೆಯ ಮೇಲೆ ಒಂದು ದೂರು ಹೇಳಿದೆ. ನಾನು ತೊಳೆದಿಟ್ಟ ಪಾತ್ರೆಯನ್ನು ಅವರು ಇನ್ನೊಂದು ಸಲ ತೊಳೆಯುತ್ತಾರೆ ಅಂತ. ಆ ಕಡೆಯವರು ಸುಮ್ಮನೆ ಕೇಳಿಸಿಕೊಂಡರು. ಹೆಂಗಸಿನ ಮಾತನ್ನು ಮಧ್ಯೆ ತಡೆಯದೆ ಕೊನೆಯವರೆಗೆ ಕೇಳುವ ಗಂಡಸು ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ. ನನಗೆ ಅದು ರೂಢಿಯಾಯಿತು. ಅತ್ತೆಯವರ ಕಡೆಯ ಮಾತಿನಲ್ಲಿ ಹೆಂಗಸನ್ನು 'ಅದು' ಅನ್ನುತ್ತಾರೆ. ಮದುವೆಯಾದ ಹೊಸತರಲ್ಲಿ 'ಅದು ಎಂತ ಮಾಡ್ತಾ ಇದ್ದು' ಅಂತ ಅತ್ತೆ ಕೇಳಿದರೆ ನಾನು ಬೆಕ್ಕನ್ನು ಹುಡುಕುತ್ತಿದ್ದೆ, ಅವರು ಕೇಳಿದ್ದು ನನ್ನ ಬಗ್ಗೆಯೇ. ಅದನ್ನೂ ಫೋನಿಗೆ ಹೇಳಿ ಅತ್ತಿದ್ದೇನೆ. ಗಂಡನ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ, ಅವರು ಓದುತ್ತಾರೆ.

ಈಗ ನಿಮಗೆ ನನ್ನ ಭಯ ಗೊತ್ತಾಗಿರಬೇಕು. ಹಳೆಯ ಕೆಂಪು ಫೋನಿನಲ್ಲಿ ಯಾರು ಮಾಡಿದ್ದಾರೆ ಅಂತ ಕಾಣುತ್ತಿರಲಿಲ್ಲ. ಹೊಸ ಫೋನಿಗೆ ನಂಬರು ತೋರಿಸುವ ಪರದೆ ಇರುತ್ತದೆ ಅಂತ ಮಾನಸ ಹೇಳಿದ ದಿನವೇ ಆ ಭಯ ಶುರುವಾಯಿತು. ಆ ನಂಬರು ರಾಘುವಿನದಾದರೆ ದೇವರು ದೊಡ್ಡವನು. ಆದರೆ ಹಿಂದಿನ ರಸ್ತೆಯ ಯಾವುದೋ ಮನೆಯವರದಾದರೆ? ಇಷ್ಟು ವರ್ಷ ನನ್ನ ಸಂಸಾರದ ಗುಟ್ಟನ್ನೆಲ್ಲ ಕುಡಿದುಕೊಂಡು ಕೂತವರು ದಿನಾ ನನ್ನ ಎದುರು ಸಿಕ್ಕಿ ನಗುವವರೇ ಆಗಿದ್ದರೆ? ಅತ್ತೆಯ ಭಯ ಬೇರೆ, ನನ್ನದಕ್ಕಿಂತ ದೊಡ್ಡದು. ಹಳೆಯ ಫೋನು ಕರೆಂಟು ಹೋದರೂ ಹೊಡೆಯುತ್ತಿತ್ತು. ಹೊಸದಕ್ಕೆ ಕರೆಂಟು ಬೇಕು. "ಕರೆಂಟ್ ಇಲ್ಲದ್ದಾಗ ಅವ ಮಾಡಿದ್ರೆ ಎಂತ ಮಾಡದು?" ಅಂತ ಅತ್ತೆ ಕೇಳಿದರು. ಸಾಗರದಲ್ಲಿ ಕರೆಂಟು ಹೋಗುವ ಚಂದ ನಮಗೆಲ್ಲ ಗೊತ್ತಿದ್ದದ್ದೇ.

ಆದರೆ ತಾಮ್ರದ ಕೇಬಲು ರಸ್ತೆ ಅಗಲ ಮಾಡುವ ಜೆಸಿಬಿಗೆ ಸಿಕ್ಕಿ ತುಂಡಾಗಿತ್ತು. ಅದನ್ನು ಇನ್ನು ಸರಿಮಾಡುವುದಿಲ್ಲ, ಫೈಬರ್ ಹಾಕಿಸಿದರೆ ನಂಬರು ಉಳಿಯುತ್ತದೆ, ಇಲ್ಲದಿದ್ದರೆ ಅದೂ ಇಲ್ಲ ಅಂತ ಟೆಲಿಫೋನ್ ಆಫೀಸಿನವರು ಹೇಳಿದರು. ನಂಬರು ಹೋಗುತ್ತದೆ ಅಂದಕೂಡಲೇ ಅತ್ತೆ, "ಹಾಕ್ಸು" ಅಂದರು. ರಾಘುವಿಗೆ ಬಾಯಿಪಾಠವಾಗಿದ್ದುದು ಆ ನಂಬರು ಒಂದೇ.

ಫೈಬರ್ ಹಾಕಲು ಬಂದವನು ಹೊಸನಗರದ ಕಡೆಯವನು, ಬಾಯಿತುಂಬ ಎಲೆಅಡಿಕೆ, ಬಾಯಿತುಂಬ ಮಾತು. ಕಂಬದಿಂದ ಕೂದಲಿನಷ್ಟು ತೆಳ್ಳಗಿನ ದಾರ ಎಳೆದು ತಂದು, ಗೋಡೆಗೆ ಒಂದು ಪೆಟ್ಟಿಗೆ ಬಡಿದು, ಕೆಂಪು ಫೋನನ್ನು ಎತ್ತಿ ಹೊಸದನ್ನು ಇಟ್ಟ. ಪೆಟ್ಟಿಗೆಯಲ್ಲಿ ಸಣ್ಣ ಹಸಿರು ದೀಪಗಳು. ಅವು ಕಣ್ಣು ಮಿಟುಕಿಸುವುದನ್ನು ನೋಡಿದರೆ ಒಳಗಿನದಕ್ಕೆ ಜೀವ ಬಂದಿದೆ ಅನ್ನಿಸುತ್ತಿತ್ತು. ಕಾಫಿ ಕೊಡುವಾಗ ನಾನು ಏನೂ ಅರಿಯದವಳ ಹಾಗೆ ಆ ಮಾತಾಡದ ಫೋನಿನ ವಿಷಯ ತೆಗೆದೆ. ಅವನು ನಕ್ಕ. "ಅಯ್ಯೋ ಅಕ್ಕ, ಅದು ಯಾರೂ ಮಾಡೋದಲ್ರೀ. ಹಳೇ ಕೇಬಲ್ ಒಳಗೆ ನೀರು ಹೋದ್ರೆ ತಾನೇ ಹೊಡ್ಕೊಳ್ತದೆ. ಹುಂಚದ ಹತ್ರ ಒಂದು ಮನೇಲಿ ಫೋನಿಗೆ ನಿಂಬೆಹಣ್ಣು ಕಟ್ಟಿದ್ರು ನೋಡಿ! ಇನ್ನು ನಿಮಗೆ ಆ ಕಾಟ ಇಲ್ಲ."

ಹಾಗಾದರೆ ನನ್ನ ದೂರುಗಳನ್ನೆಲ್ಲ ಕೇಳಿದ್ದು ಕೇಬಲಿನೊಳಗಿನ ಕೊಚ್ಚೆನೀರು. ನನಗೆ ಮೊದಲು ಆದದ್ದು ನೆಮ್ಮದಿ, ಅದರಲ್ಲಿ ಸುಳ್ಳಿಲ್ಲ. ಅದರ ಹಿಂದೆಯೇ ಅತ್ತೆಯ ಮುಖ ಕಂಡಿತು. ಅವರು ಹೊಸ ಫೋನಿನ ಮುಂದೆ ಕೂತು ಪೂಜೆ ಮಾಡುತ್ತಿದ್ದರು. ನಮ್ಮಲ್ಲಿ ಹೊಸ ಗ್ರೈಂಡರಿಗೂ ಹೂವು ಏರಿಸಿಯೇ ಸ್ವಿಚ್ಚು ಹಾಕುವುದು. ಅತ್ತೆ ಗಂಧ ತೇದು, ನಂಬರು ಕಾಣುವ ಪರದೆಯ ಮೇಲೆ ದಪ್ಪಗೆ ಬಳಿದು, ಅದರ ನಡುವೆ ಕುಂಕುಮ ಇಟ್ಟರು. ಪರದೆ ಪೂರ್ತಿ ಮುಚ್ಚಿಹೋಯಿತು. "ಅಜ್ಜಿ, ನಂಬರ್ ಕಾಣಲ್ಲ!" ಅಂತ ಮಾನಸ ಕೂಗಿದಳು. "ಅವಂಗೆ ತೋರ್ಸಲೆ ಮನಸ್ಸಿಲ್ಲೆ ಹೇಳಿ ಆದ್ರೆ ನಾವು ನೋಡದು ಎಂತಕ್ಕೆ?" ಅಂದರು ಅತ್ತೆ. ಅದನ್ನು ಒರೆಸುವ ಧೈರ್ಯ ಯಾರಿಗೂ ಬರಲಿಲ್ಲ. ಕರೆಂಟು ಹೋದರೆ ಇರಲಿ ಅಂತ ನಮ್ಮವರು ಒಂದು ಬ್ಯಾಟರಿ ತಂದು ಜೋಡಿಸಿದರು. ಈಗ ಕರೆಂಟು ಹೋದರೆ ನಮಗೆ ದೀಪವಿಲ್ಲ, ಫ್ಯಾನಿಲ್ಲ, ಆ ಪೆಟ್ಟಿಗೆಯ ಕಣ್ಣು ಮಾತ್ರ ಮಿಟುಕುತ್ತಿರುತ್ತದೆ.

ಫೋನು ಬರಲಿಲ್ಲ. ಒಂದು ತಿಂಗಳು ಕಳೆಯಿತು, ಎರಡನೆಯದೂ ಕಳೆಯುತ್ತ ಬಂತು. ಅತ್ತೆ ಆಗಾಗ ರಿಸೀವರು ಎತ್ತಿ ಕಿವಿಗೆ ಹಿಡಿದು ನೋಡುತ್ತಿದ್ದರು. ಊಟದಲ್ಲಿ ಎರಡನೆಯ ಸಲ ಅನ್ನ ಬಡಿಸಿಕೊಳ್ಳುವುದನ್ನು ಬಿಟ್ಟರು. ಆಮೇಲೆ, ನಾನು ತೊಳೆದ ಪಾತ್ರೆಯನ್ನು ಮತ್ತೆ ತೊಳೆಯುವುದನ್ನೂ ಬಿಟ್ಟರು. ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ. ಕಪಾಟಿನಲ್ಲಿ ನಾನಿಟ್ಟ ಹಾಗೆಯೇ ಇದ್ದ ಲೋಟಗಳನ್ನು ನೋಡಿ ನನಗೆ ಹೆದರಿಕೆಯಾಯಿತು.

ಮಾರನೆಯ ದಿನ ಶಾಲೆಯಲ್ಲಿ ಊಟದ ಬಿಡುವಿನ ಹೊತ್ತು ನಾನು ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಮೊಬೈಲಿನಿಂದ ಮನೆಗೆ ಫೋನು ಮಾಡಿದೆ. ಮಾತಾಡಲಿಲ್ಲ. ಹೊಸ ಲೈನು ಎಷ್ಟು ಚೊಕ್ಕಟವೆಂದರೆ ಅತ್ತೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು. "ಮಾಣಿ?" ಅಂದರು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಇಷ್ಟು ವರ್ಷ ಫೋನಿನ ಈ ಕಡೆ ನಿಂತು ಮಾತಾಡಿದವಳು ನಾನು, ಮಾತಾಡದವನ ಜಾಗದಲ್ಲಿ ನಿಲ್ಲುವುದು ಹೇಗಿರುತ್ತದೆ ಅಂತ ಅವತ್ತೇ ಗೊತ್ತಾದದ್ದು. ಸತ್ತವಳು ಕಿಟಕಿಯಿಂದ ತನ್ನ ಮನೆಯೊಳಗೆ ಇಣುಕಿದ ಹಾಗಿತ್ತು. ಅವತ್ತು ರಾತ್ರಿ ಅತ್ತೆ ಅನ್ನ ಎರಡು ಸಲ ಬಡಿಸಿಕೊಂಡರು. ಎಲ್ಲ ಪಾತ್ರೆಯನ್ನೂ ಮತ್ತೆ ತೊಳೆದರು.

ಹಾಗೆ ನಾನು ಆಗಾಗ ರಾಘುವಾದೆ. ಹುಳಿ, ಸಾಸಿವೆ, ತಂಬುಳಿ ಎಲ್ಲದರ ಸುದ್ದಿ ಕೇಳಿದೆ. ಮನೆಯಲ್ಲಿ ನನ್ನ ಜೊತೆ ಹತ್ತು ಮಾತಾಡದ ಅತ್ತೆ ಇಲ್ಲಿ ಗಂಟಲು ಒಣಗುವವರೆಗೆ ಮಾತಾಡುತ್ತಿದ್ದರು. ಒಂದು ದಿನ ಅಡುಗೆಯ ಸುದ್ದಿ ಮುಗಿಸಿ ದನಿ ತಗ್ಗಿಸಿದರು. "ಮಾಣಿ, ನಿನ್ನ ಅತ್ತಿಗೆ ಇದ್ದಲ, ಅದು ನಿನ್ನ ಹತ್ರ ನನ್ನ ದೂರು ಹೇಳ್ತಿತ್ತು. ನಂಗೆ ಗೊತ್ತಿದ್ದು. ಹೇಳ್ಲಿ ಬಿಡು. ದಿನಾ ದುಡ್ಕಂಡು ಬತ್ತು, ಅದಕ್ಕೂ ಹೇಳ್ಕಳಲೆ ಮತ್ಯಾರಿದ್ದ? ನೀ ಅದನ್ನ ಬೈಯಡ." ನಾನು ಫೋನು ಇಟ್ಟು ರಸೀದಿ ಪುಸ್ತಕ ತೆರೆದೆ. ಫೀಸು ಕಟ್ಟಲು ಬಂದ ಪೋಷಕರೊಬ್ಬರು ನನ್ನ ಮುಖ ನೋಡಿ, ನಾಳೆ ಬರುತ್ತೇನೆ ಅಂತ ಹೋದರು.

ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯ ಸೊಸೆ ಅನ್ನಿಸಿಕೊಂಡು ಸುಖವಾಗಿರುತ್ತಿದ್ದೆ. ಕಳೆದ ವಾರ ಬಿಡುವಿನಲ್ಲಿ ಎಂದಿನ ಹಾಗೆ ಮನೆಗೆ ಮಾಡಿದೆ. ಲೈನು ಬ್ಯುಸಿ. ಸ್ವಲ್ಪ ಬಿಟ್ಟು ಮಾಡಿದೆ, ಆಗಲೂ ಬ್ಯುಸಿ. ಬಿಡುವು ಮುಗಿಯುವವರೆಗೂ ಬ್ಯುಸಿ. ನಮ್ಮವರಿಗೆ ಮಾಡಿ, ಮನೆಗೆ ಫೋನು ಮಾಡಿದ್ದಿರಾ ಅಂತ ಕೇಳಿದೆ. ಅಂಗಡಿಯಲ್ಲಿ ಜನ ಇದ್ದಾರೆ, ನಾನು ಯಾಕೆ ಮಾಡಲಿ ಅಂದರು. ಮಾನಸ ಕ್ಲಾಸಿನಲ್ಲಿದ್ದಳು. ರಿಸೀವರು ಸರಿಯಾಗಿ ಇಟ್ಟಿರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಸಂಜೆ ಮನೆಗೆ ಹೋದೆ. ಅದು ಸರಿಯಾಗಿಯೇ ಇತ್ತು. ಅತ್ತೆ ಅಡುಗೆಮನೆಯಲ್ಲಿ ನನ್ನ ಲೋಟಗಳನ್ನು ತೊಳೆಯುತ್ತಿದ್ದರು. ಮುಖ ಬೆಳಗುತ್ತಿತ್ತು. ನನ್ನ ಕಡೆ ತಿರುಗದೆಯೇ ಹೇಳಿದರು:

"ಇವತ್ತು ಅವ ಮಾಡಿದ್ದ. ನಿಂಗೆ ಲೈನ್ ಸಿಗ್ಲಿಲ್ಲೆ, ಅಲ್ದನೇ ಕೂಸೆ?"

"ನಾನು... ನಿಮಗೆ ಹೇಗೆ..." ಅಂದೆ.

"ನೀ ಮಾಡಿದಾಗ ಹಿಂದೆ ಶಾಲೆ ಮಕ್ಕಳ ಗಲಾಟೆ ಕೇಳ್ತು," ಅಂದರು ಅತ್ತೆ, ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ. "ಅವ ಮಾಡಿದ್ರಲ್ಲಿ ಎಂತದೂ ಕೇಳ್ತಿಲ್ಲೆ."

ಯಾರದೋ ರಾಂಗ್ ನಂಬರು ಇರಬಹುದು. ಪೆಟ್ಟಿಗೆಯ ದೋಷ ಇರಬಹುದು. ಹೊಸನಗರದ ಆ ಮಾತುಗಾರನನ್ನು ಕರೆಸಿದರೆ ಇದಕ್ಕೂ ಅವನ ಬಳಿ ಒಂದು ವಿವರಣೆ ಇರುತ್ತದೆ. ಇದನ್ನೆಲ್ಲ ನಾನು ನಂಬುತ್ತೇನೆ, ಓದುಬರಹ ಬಲ್ಲವಳು, ನಂಬದೆ ಏನು? ಆದರೂ ಅವತ್ತಿನಿಂದ ಬಿಡುವಿನ ಹೊತ್ತಿನಲ್ಲಿ ಮನೆಗೆ ಫೋನು ಮಾಡುವುದನ್ನು ಬಿಟ್ಟಿದ್ದೇನೆ. ಆ ಹೊತ್ತಿಗೆ ನೀವೂ ಮಾಡಬೇಡಿ ಅಂತ ನಮ್ಮವರಿಗೆ ತಾಕೀತು ಮಾಡಿದ್ದೇನೆ. ಯಾಕೆ, ಹೆದರಿದೆಯಾ ಅಂತ ಅವರು ನಕ್ಕರು. ಹೆದರಿಕೆ ಎಂಥದ್ದು? ಲೈನು ಖಾಲಿ ಇರಲಿ ಅಂತ, ಅಷ್ಟೇ.